ಬೀಜದಿಂದ ಮ್ಯಾಂಗೋಸ್ಟೀನ್ ಬೆಳೆಸಿದ್ದು: ಎಲ್ಲ ಕೆಲಸವೂ ಬೇರಿಗಾಗಿ

ಮ್ಯಾಂಗೋಸ್ಟೀನ್ ಬೀಜವನ್ನು ಒಣಗಿಸಿ ಡಬ್ಬಿಯಲ್ಲಿ ಎತ್ತಿಡಲು ಆಗುವುದಿಲ್ಲ. ಬದನೆ, ಟೊಮೆಟೊ, ಹೀರೆ ಬೀಜಗಳನ್ನೆಲ್ಲ ನೆರಳಲ್ಲಿ ಒಣಗಿಸಿ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುತ್ತೇವೆ, ಅಲ್ವಾ? ಇದಕ್ಕೆ ಆ ಅಭ್ಯಾಸ ನಡೆಯುವುದಿಲ್ಲ. ಹಣ್ಣಿನಿಂದ ತೆಗೆದು ಹೊರಗೆ ಬಿಟ್ಟರೆ ಕೆಲವೇ ದಿನಗಳಲ್ಲಿ ಬೀಜ ಸಾಯುತ್ತದೆ. ಹಣ್ಣಿನೊಳಗೇ ಇದ್ದರೆ ಮೂರು ನಾಲ್ಕು ವಾರ ಜೀವ ಹಿಡಿದುಕೊಂಡಿರುತ್ತದೆ. ಹಾಗಾಗಿ ನಾನು ಬೀಜ ಹುಡುಕುವುದಿಲ್ಲ, ಹಣ್ಣು ಹುಡುಕುತ್ತೇನೆ. ತಿಂದ ದಿನವೇ ಬಿತ್ತುತ್ತೇನೆ.

ಹಣ್ಣು ಆರಿಸುವುದರಲ್ಲೇ ಅರ್ಧ ಕೆಲಸ ಆಗಿಬಿಡುತ್ತದೆ. ಹೆಬ್ಬೆರಳಿನಿಂದ ಸಿಪ್ಪೆ ಒತ್ತಿ ನೋಡಿ. ಸ್ವಲ್ಪ ಒಳಗೆ ಹೋಗಬೇಕು. ಕಲ್ಲಿನಂತೆ ಗಟ್ಟಿಯಾಗಿದ್ದರೆ ಹಣ್ಣು ಹಳೆಯದು, ಇಲ್ಲವೇ ಬಿದ್ದು ಪೆಟ್ಟು ತಿಂದಿದೆ, ಅಥವಾ ಜಾಸ್ತಿ ತಣ್ಣಗಿರುವ ಜಾಗದಲ್ಲಿ ಬಹಳ ದಿನ ಕೂತಿದೆ. ಚಳಿ ಈ ಬೀಜಕ್ಕೂ ಆಗುವುದಿಲ್ಲ. ತೊಟ್ಟಿನ ಹತ್ತಿರದ ನಾಲ್ಕು ದಪ್ಪ ಪುಷ್ಪಪತ್ರಗಳು ಹಸಿರಾಗಿದ್ದರೆ ಹಣ್ಣು ತಾಜಾ ಎಂದು ನಂಬಬಹುದು. ಕೆಲವು ದೇಶಗಳಿಗೆ ಕಳುಹಿಸುವ ಹಣ್ಣಿಗೆ ಕೀಟ ಸಾಯಲಿ ಎಂದು ವಿಕಿರಣ ಹಾಯಿಸುತ್ತಾರೆ. ತಿನ್ನಲು ಅದರಿಂದ ತೊಂದರೆ ಇಲ್ಲ, ಆದರೆ ಬೀಜದೊಳಗಿನ ಬೆಳೆಯುವ ಶಕ್ತಿ ಕೆಡುತ್ತದೆ. ಅಂಥ ಹಣ್ಣಿನ ಬೀಜಕ್ಕೆ ಕುಂಡ ತುಂಬಿಸುವ ಶ್ರಮ ಬೇಡ.

ಹಣ್ಣನ್ನು ತಲೆಕೆಳಗು ಮಾಡಿದರೆ ತುದಿಯಲ್ಲಿ ಹೂವಿನ ಆಕಾರದ ಒಂದು ಗುರುತು ಕಾಣುತ್ತದೆ. ಅದರಲ್ಲಿ ಎಷ್ಟು ದಳ ಇವೆಯೋ ಒಳಗೆ ಅಷ್ಟೇ ತೊಳೆ. ಸಾಮಾನ್ಯವಾಗಿ 4ರಿಂದ 8. ಇಷ್ಟು ತೊಳೆ ಇದ್ದರೂ ಎಲ್ಲದರಲ್ಲೂ ಬೀಜ ಇರುವುದಿಲ್ಲ. ದಪ್ಪ ತೊಳೆ ಒಂದೋ ಎರಡೋ ಇರುತ್ತದಲ್ಲ, ಬಿತ್ತುವಂಥ ಬೀಜ ಇರುವುದು ಅದರಲ್ಲಿ. ಉಳಿದವು ಬರೀ ತಿರುಳು, ಇಲ್ಲವೇ ಚಪ್ಪಟೆ ಪೊಳ್ಳು. ಸಣ್ಣ ಬೀಜವೂ ಮೊಳೆಯುತ್ತದೆ, ಆದರೆ ಸಸಿ ನಿತ್ರಾಣವಾಗಿ ಬಂದು ಮುಂದೆ ಏಳುವುದೇ ಇಲ್ಲ. 1 ಗ್ರಾಂಗಿಂತ ಜಾಸ್ತಿ ತೂಗುವ, ಕೈಗೆ ದುಂಡಗೆ ಸಿಗುವ ಬೀಜವನ್ನಷ್ಟೇ ನಾನು ಇಟ್ಟುಕೊಳ್ಳುತ್ತೇನೆ. ಮೊದಲ ವರ್ಷ ಗಿಡ ಬದುಕುವುದೇ ಬೀಜದಲ್ಲಿ ಕೂಡಿಟ್ಟ ಆಹಾರದ ಮೇಲೆ.

ಈ ಬೀಜದ ಹುಟ್ಟು ಬಹಳ ವಿಶೇಷ. ಇದು ಪರಾಗ ಸೇರಿ ಆದ ಬೀಜ ಅಲ್ಲ. ತಾಯಿ ಮರದ ಜೀವಕೋಶಗಳಿಂದಲೇ ನೇರವಾಗಿ ಬೆಳೆದದ್ದು. ಹಾಗಾಗಿ ಸಸಿ ಹೆಚ್ಚುಕಡಿಮೆ ತಾಯಿ ಮರದ ಪಡಿಯಚ್ಚು. ಮಾವಿನ ಓಟೆ ಹಾಕಿದರೆ ಎಂಥ ಹಣ್ಣು ಬರುತ್ತದೋ ಎನ್ನುವ ಚಿಂತೆ ಇರುತ್ತದೆ, ಇಲ್ಲಿ ಅದಿಲ್ಲ. ಇದರ ಹತ್ತಿರದ ನೆಂಟ ಮುರುಗಲಿನಲ್ಲಿ ಬೀಜದ ಗಿಡಗಳಲ್ಲಿ ಎಷ್ಟೋ ಗಂಡಾಗಿ ಹೊರಟು ಕಾಯೇ ಬಿಡುವುದಿಲ್ಲ. ಮ್ಯಾಂಗೋಸ್ಟೀನ್‌ನಲ್ಲಿ ಒಂದೇ ಗಿಡ ಇದ್ದರೂ ಸಾಕು, ಜೊತೆಗಾರ ಮರ ಬೇಕಿಲ್ಲ. ಬೀಜದಿಂದ ಬೆಳೆಸಬೇಕು ಎಂದು ನಾನು ಗಟ್ಟಿ ಮನಸ್ಸು ಮಾಡಿದ್ದೇ ಈ ಕಾರಣಕ್ಕೆ.

ತಿರುಳು ಬೀಜಕ್ಕೆ ಎಳೆಎಳೆಯಾಗಿ ಅಂಟಿಕೊಂಡಿರುತ್ತದೆ. ಬಾಯಲ್ಲಿ ಚೀಪಿ ಉಗುಳಿದರೆ ಸಾಲದು. ನೀರಿನಲ್ಲಿ ಹಾಕಿ, ಒರಟು ಬಟ್ಟೆಯಲ್ಲಿ ಮೆಲ್ಲಗೆ ಉಜ್ಜುತ್ತೇನೆ. ಸಿಹಿ ಉಳಿದರೆ ಬೂಷ್ಟು ಹಿಡಿಯುತ್ತದೆ, ಇರುವೆಯೂ ಬರುತ್ತದೆ. ಆದರೆ ಕಂದು ಬಣ್ಣದ ಮೇಲಿನ ಪದರ ಕೀಳಬಾರದು. ಉಗುರು ತಾಗಿ ಸ್ವಲ್ಪ ಗೀರು ಬಿದ್ದರೂ ಅಲ್ಲಿಂದಲೇ ಕೊಳೆಯಲು ಶುರುವಾಗಬಹುದು. ತೊಳೆದ ಮೇಲೆ ಒರೆಸುವುದೂ ಇಲ್ಲ, ಸೀದಾ ಮಣ್ಣಿಗೆ.

ಈಗ ಬೇರಿನ ವಿಷಯಕ್ಕೆ ಬರುತ್ತೇನೆ. ಈ ಗಿಡದ ಕಷ್ಟ ಇರುವುದೆಲ್ಲ ಇಲ್ಲೇ. ಮ್ಯಾಂಗೋಸ್ಟೀನ್ ಒಂದು ಉದ್ದ ತಾಯಿಬೇರು ಇಳಿಸುತ್ತದೆ, ಪಕ್ಕದ ಬೇರು ತುಂಬಾ ಕಡಿಮೆ. ನೀರು, ಗೊಬ್ಬರ ಹೀರುವ ಸಣ್ಣ ರೋಮಬೇರುಗಳು ಇಲ್ಲವೇ ಇಲ್ಲ ಎನ್ನುವಷ್ಟು ಕಮ್ಮಿ. ತಾಯಿಬೇರು ಮುರಿದರೆ ಗಿಡಕ್ಕೆ ಬೇರೆ ಆಸರೆ ಇಲ್ಲ. ಬೇರೆ ಸಸಿಯಾದರೆ ಕಿತ್ತು ನೆಟ್ಟ ಮೇಲೆ ವಾರದಲ್ಲಿ ಚೇತರಿಸಿಕೊಳ್ಳುತ್ತದೆ. ಇದು ತಿಂಗಳುಗಟ್ಟಲೆ ಸುಮ್ನೆ ನಿಂತುಬಿಡುತ್ತದೆ, ಆಮೇಲೆ ಒಣಗುತ್ತದೆ.

ಅದಕ್ಕೆ ನಾನು ಟ್ರೇಯಲ್ಲಿ ಬಿತ್ತುವುದಿಲ್ಲ. ನಾಲ್ಕು ಇಂಚು ಅಗಲದ ಪಿವಿಸಿ ಪೈಪನ್ನು ಒಂದೂವರೆ ಅಡಿ ಉದ್ದಕ್ಕೆ ಕತ್ತರಿಸಿ, ಉದ್ದಕ್ಕೆ ಸೀಳಿ ಎರಡು ಹೋಳು ಮಾಡುತ್ತೇನೆ. ಹೋಳುಗಳನ್ನು ಮತ್ತೆ ಜೋಡಿಸಿ ಮೂರು ಕಡೆ ತಂತಿ ಸುತ್ತಿ ಬಿಗಿಯುತ್ತೇನೆ. ತಳಕ್ಕೆ ನೈಲಾನ್ ಜಾಲರಿ ಕಟ್ಟುತ್ತೇನೆ. ಮುಂದೆ ನೆಡುವ ದಿನ ತಂತಿ ಬಿಚ್ಚಿದರೆ ಪೈಪು ಎರಡು ಪಾಲಾಗಿ ಬಿಟ್ಟುಕೊಳ್ಳುತ್ತದೆ, ಮಣ್ಣಿನ ಹೆಂಟೆ ಅಲುಗದೆ ಹಾಗೇ ಕೈಗೆ ಬರುತ್ತದೆ. ಎತ್ತರದ ಗ್ರೋ ಬ್ಯಾಗ್ ಇದ್ದರೂ ನಡೆಯುತ್ತದೆ, ಪಕ್ಕವನ್ನು ಕುಯ್ದು ತೆಗೆಯಬಹುದು. ಅಗಲಕ್ಕಿಂತ ಆಳ ಮುಖ್ಯ.

ಮಣ್ಣು ಹುಳಿ ಕಡೆಗೆ ಇರಬೇಕು, ಪಿಎಚ್ 5.5ರಿಂದ 6.5ರ ಒಳಗೆ. ಸುಣ್ಣದ ಅಂಶ ಇರುವ ಮಣ್ಣು ಬೇಡವೇ ಬೇಡ. ತೆಂಗಿನ ನಾರಿನ ಪುಡಿ ಎರಡು ಪಾಲು, ಚೆನ್ನಾಗಿ ಕೊಳೆತ ಎಲೆಗೊಬ್ಬರ ಒಂದು ಪಾಲು, ದಪ್ಪ ಮರಳು ಒಂದು ಪಾಲು, ಇದು ನನಗೆ ಹೊಂದಿದ ಅಳತೆ. ನಾರಿನ ಪುಡಿಯನ್ನು ಎರಡು ಮೂರು ಸಲ ನೀರಲ್ಲಿ ನೆನೆಸಿ ಹಿಂಡಬೇಕು, ಇಲ್ಲದಿದ್ದರೆ ಅದರಲ್ಲಿರುವ ಉಪ್ಪು ಎಳೆ ಬೇರನ್ನು ಸುಡುತ್ತದೆ. ಎಲೆಗೊಬ್ಬರವನ್ನು ನಾನು ಬಿಡುವುದೇ ಇಲ್ಲ. ರೋಮಬೇರು ಇಲ್ಲದ ಈ ಗಿಡಕ್ಕೆ ಬೇರಿನೊಳಗೆ ಸೇರಿ ಬದುಕುವ ಶಿಲೀಂಧ್ರಗಳು ನೆರವಾಗುತ್ತವೆ, ಮುಖ್ಯವಾಗಿ ರಂಜಕ ಒದಗಿಸುತ್ತವೆ. ಕಾಯಿಸಿ, ಕ್ರಿಮಿ ಕೊಂದ ಮಣ್ಣಿನಲ್ಲಿ ಅವು ಇರುವುದಿಲ್ಲ. ಬೆಳೆದ ಮ್ಯಾಂಗೋಸ್ಟೀನ್ ಮರದ ಬುಡದ ಮಣ್ಣು ಒಂದು ಹಿಡಿ ಸಿಕ್ಕರೆ ಅದನ್ನೂ ಬೆರೆಸುತ್ತೇನೆ.

ಬೀಜವನ್ನು ಅಡ್ಡ ಮಲಗಿಸಿ, ಮೇಲೆ ಒಂದು ಸೆಂಟಿಮೀಟರ್ ಮಣ್ಣು ಎಳೆದರೆ ಸಾಕು. ಜಾಗ ಬೆಚ್ಚಗಿರಬೇಕು, 25ರಿಂದ 30 ಡಿಗ್ರಿ. ಮಣ್ಣು ಯಾವಾಗಲೂ ಹಸಿ ಇರಬೇಕು, ಆದರೆ ಹಿಂಡಿದರೆ ನೀರು ಸುರಿಯಬಾರದು. ಪೈಪಿನ ಬಾಯಿಗೆ ಪಾರದರ್ಶಕ ಹಾಳೆ ಕಟ್ಟಿ ನಾಲ್ಕು ತೂತು ಮಾಡಿರುತ್ತೇನೆ. ಸಾಮಾನ್ಯವಾಗಿ ಮೂರು ವಾರದ ಹೊತ್ತಿಗೆ ಮೊಳಕೆ ಬರುತ್ತದೆ. ಕೆಲವು ಬೀಜ ಇನ್ನೂ ಒಂದು ತಿಂಗಳು ತಡ ಮಾಡುತ್ತವೆ. ಬೆರಳು ಹಾಕಿ ಕೆದಕಿ ನೋಡುವ ಆಸೆ ಆಗುತ್ತದೆ, ನೋಡಬಾರದು.

ಇದರ ಮೊಳಕೆ ಹೇಗೆ ಬರುತ್ತದೆ ಎಂದು ಕಣ್ಣಾರೆ ನೋಡಲಿಕ್ಕೆಂದೇ ಒಮ್ಮೆ ಒಂದು ಬೀಜವನ್ನು ಗಾಜಿನ ಲೋಟದ ಗೋಡೆಗೆ ತಾಗಿಸಿ ಒದ್ದೆ ನಾರಿನಲ್ಲಿ ಇಟ್ಟಿದ್ದೆ. ಮೊದಲು ಒಂದು ತುದಿಯಿಂದ ತೆಳ್ಳಗೆ ಒಂದು ಬೇರು ಬಂತು. ಅದಾದ ಮೇಲೆ ಚಿಗುರು ಬಂದದ್ದು ಪೂರ್ತಿ ಎದುರಿನ ತುದಿಯಿಂದ! ಬೇರು ಒಂದು ಕಡೆ, ಕಾಂಡ ಇನ್ನೊಂದು ಕಡೆ, ನಡುವೆ ಬೀಜ. ಕೆಲವು ದಿನ ಕಳೆದ ಮೇಲೆ ಚಿಗುರಿನ ಬುಡದಲ್ಲೇ ಇನ್ನೊಂದು ಬೇರು ಒಡೆದು ಕೆಳಗೆ ಇಳಿಯಿತು. ಮೊದಲನೆಯದಕ್ಕಿಂತ ದಪ್ಪ. ಮುಂದೆ ತಾಯಿಬೇರು ಆಗುವುದು ಈ ಎರಡನೆಯದೇ. ಮೊದಲ ಬೇರು ಸೊರಗಿ ಹೋಗುತ್ತದೆ. ಇದನ್ನು ನೋಡಿದ ಮೇಲೆ ಮೊಳಕೆ ಬಂದ ತಕ್ಷಣ ಸಸಿ ಕದಲಿಸುವುದು ಎಷ್ಟು ಅಪಾಯ ಎಂದು ಅರ್ಥವಾಯಿತು. ಆ ಹೊತ್ತಿಗೆ ಹಳೆ ಬೇರಿನ ಕೆಲಸ ಮುಗಿಯುತ್ತಾ ಬಂದಿರುತ್ತದೆ, ಹೊಸ ಬೇರು ಇನ್ನೂ ನೆಲೆ ಹಿಡಿದಿರುವುದಿಲ್ಲ. ಬೀಜವೂ ಬಹಳ ಕಾಲ ಸಸಿಗೆ ಅಂಟಿಕೊಂಡೇ ಇರುತ್ತದೆ. ಅದನ್ನು ಕಿತ್ತು ಹಾಕಬೇಡಿ, ಗಿಡ ಅದರಿಂದ ಇನ್ನೂ ಉಣ್ಣುತ್ತಿರುತ್ತದೆ.

ಒಂದೇ ಬೀಜದಿಂದ ಎರಡು ಚಿಗುರು ಬರುವುದೂ ಉಂಟು. ನಾನು ದಪ್ಪನೆಯದನ್ನು ಬಿಟ್ಟು ಇನ್ನೊಂದನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸುತ್ತೇನೆ. ಎಳೆದು ಕೀಳುವುದಿಲ್ಲ.

ಆಮೇಲೆ ಶುರುವಾಗುವುದು ಕಾಯುವ ಕಾಲ. ಮೊದಲ ಜೋಡಿ ಎಲೆ ಬಂದು ದಪ್ಪಗಾಗಿ, ಕಡು ಹಸಿರಾಗಿ, ಹೊಳೆಯುತ್ತಾ ನಿಲ್ಲುತ್ತದೆ. ಆಮೇಲೆ ಏನೂ ಇಲ್ಲ. ವಾರಗಟ್ಟಲೆ ಏನೂ ಇಲ್ಲ. ಗಿಡ ಸತ್ತಿದೆಯೋ ಬದುಕಿದೆಯೋ ಎಂದು ಅನುಮಾನ ಬಂದರೆ ಮೇಲಿನ ಜೋಡಿ ಎಲೆಗಳ ತೊಟ್ಟು ಕೂಡುವ ಜಾಗ ನೋಡಿ. ಮುಂದಿನ ಸುಳಿ ಅಲ್ಲೇ, ಎರಡು ತೊಟ್ಟಿನ ಬುಡದ ನಡುವೆ ಮುಚ್ಚಿಕೊಂಡಿರುತ್ತದೆ. ತೊಟ್ಟುಗಳು ಸ್ವಲ್ಪ ಬಿರಿದು, ನಡುವೆ ಉಗುರು ತೂರುವಷ್ಟು ಸಂದು ಕಂಡರೆ ಹೊಸ ಎಲೆ ಬರುವ ಸಮಯ. ಎಳೆ ಎಲೆ ಕೆಂಪು ಮಿಶ್ರಿತ ತಿಳಿ ಬಣ್ಣದಲ್ಲಿ, ಜೋಲು ಬಿದ್ದು ಬರುತ್ತದೆ. ನೀರು ಕಮ್ಮಿಯಾಗಿ ಬಾಡಿದೆ ಎಂದುಕೊಳ್ಳಬೇಡಿ, ಅದು ಬರುವುದೇ ಹಾಗೆ. ಎರಡು ವರ್ಷಕ್ಕೆ ಒಂದಡಿ ಎತ್ತರ ಆದರೆ ಗಿಡ ಚೆನ್ನಾಗಿಯೇ ಇದೆ ಎಂದರ್ಥ. ಮೇಲೆ ಎರಡೆಲೆ ಕಾಣುವಾಗ ಕೆಳಗೆ ಬೇರು ಅದರ ಎರಡರಷ್ಟು ಉದ್ದ ಓಡಿರುತ್ತದೆ.

ಈ ನಿಧಾನಕ್ಕೆ ಬೇಸತ್ತು ಗೊಬ್ಬರ ಸುರಿಯುವವರನ್ನು ನೋಡಿದ್ದೇನೆ. ಹೀರುವ ಬೇರೇ ಇಲ್ಲದ ಗಿಡಕ್ಕೆ ಜಾಸ್ತಿ ಗೊಬ್ಬರ ಹಾಕಿ ಏನು ಪ್ರಯೋಜನ? ಉಪ್ಪು ಸೇರಿ ಎಲೆಯ ಅಂಚು ಕಂದು ಆಗುತ್ತದೆ ಅಷ್ಟೇ. ಮೊದಲ ಆರು ತಿಂಗಳು ನಾನು ಏನೂ ಹಾಕುವುದಿಲ್ಲ. ಆಮೇಲೆ ತಿಂಗಳಿಗೊಮ್ಮೆ ತೀರಾ ತೆಳ್ಳಗೆ ಮಾಡಿದ ದ್ರವ ಗೊಬ್ಬರ, ಮೇಲೆ ಒಂದು ಪದರ ಎಲೆಗೊಬ್ಬರ. ಗಡಸು ನೀರಾದರೂ ಎಲೆಯ ಅಂಚು ಇದೇ ಥರ ಸುಡುತ್ತದೆ, ಅದಕ್ಕೆ ಮಳೆ ನೀರು ಹಿಡಿದಿಟ್ಟುಕೊಂಡು ಹಾಕುತ್ತೇನೆ.

ಬಿಸಿಲಿನ ವಿಷಯದಲ್ಲಿ ರಾಜಿ ಇಲ್ಲ. ಕಾಡಿನಲ್ಲಿ ಇದು ದೊಡ್ಡ ಮರಗಳ ಕೆಳಗೆ ಹುಟ್ಟುವ ಗಿಡ. ಮೊದಲ ಎರಡರಿಂದ ನಾಲ್ಕು ವರ್ಷ ಅರ್ಧ ನೆರಳು ಬೇಕೇ ಬೇಕು. ನನ್ನದಕ್ಕೆ 50% ನೆರಳು ಬಲೆ ಕಟ್ಟಿದ್ದೆ. ಬಲೆ ತೆಗೆಯುವಾಗಲೂ ಒಂದೇ ಸಲ ತೆಗೆಯಲಿಲ್ಲ. ಮೊದಲು ಬೆಳಗಿನ ಬಿಸಿಲು ತಾಗುವ ಕಡೆ ತೆರೆದು, ಎಲೆ ಒಗ್ಗಿಕೊಂಡ ಮೇಲೆ ಉಳಿದ ಕಡೆ. 38 ಡಿಗ್ರಿ ದಾಟಿದ ದಿನಗಳಲ್ಲಿ ನೆರಳಿನಲ್ಲಿದ್ದರೂ ಎಲೆ ಸುಡಬಹುದು, ಆಗ ಸುತ್ತ ನೆಲ ಒದ್ದೆ ಮಾಡುತ್ತೇನೆ. 20ಕ್ಕಿಂತ ಕೆಳಗಿಳಿದರೆ ಬೆಳವಣಿಗೆ ಕುಂಟುತ್ತದೆ. 5 ಡಿಗ್ರಿಗೆ ಇಳಿಯುವ ಜಾಗದಲ್ಲಿ ಹೊರಗೆ ಬಿಟ್ಟರೆ ಎಳೆ ಗಿಡ ಉಳಿಯುವುದಿಲ್ಲ, ಒಳಗಿಟ್ಟು ಕಾಪಾಡಬೇಕು.

ರೋಗ, ಕೀಟ ಹೇಳುವಷ್ಟೇನೂ ಕಾಡಲಿಲ್ಲ. ಎಳೆ ಎಲೆಯಲ್ಲಿ ಬಿಳಿ ಗೆರೆ ಎಳೆಯುವ ಸುರಂಗ ಹುಳು ಬಂದಾಗ ಆ ಎಲೆಯನ್ನು ಹಿಸುಕಿಬಿಟ್ಟೆ. ಎಲೆ ಬಲಿತ ಮೇಲೆ ಅದರ ಕಾಟ ತಾನಾಗಿ ನಿಂತಿತು.

ನೆಲಕ್ಕೆ ಇಳಿಸುವುದು ಯಾವಾಗ? ವರ್ಷದ ಲೆಕ್ಕಕ್ಕಿಂತ ಗಿಡವನ್ನೇ ನೋಡಬೇಕು. ಮೊದಲ ಜೋಡಿ ಅಡ್ಡಕೊಂಬೆ ಹೊರಟಿತೆಂದರೆ ಬೇರು ಸಿದ್ಧವಾಗಿದೆ. ಆಗ ಮಳೆಗಾಲದ ಆರಂಭದಲ್ಲಿ, ಹೊಸ ಚಿಗುರು ಇಲ್ಲದ ಹೊತ್ತು ನೋಡಿ ನೆಡಬೇಕು. ಗುಂಡಿ ಪೈಪಿಗಿಂತ ಒಂದು ಗೇಣು ಆಳ. ತಳದ ಜಾಲರಿ ಕತ್ತರಿಸಿ, ಪೈಪನ್ನು ಗುಂಡಿಯೊಳಗೇ ನಿಲ್ಲಿಸಿ, ಅರ್ಧ ಮಣ್ಣು ತುಂಬಿದ ಮೇಲೆ ತಂತಿ ಬಿಚ್ಚಿ ಎರಡೂ ಹೋಳನ್ನು ಮೇಲಕ್ಕೆ ಜಾರಿಸಿದೆ. ಬೇರಿಗೆ ಗಾಳಿಯೂ ಸೋಕಲಿಲ್ಲ. ನೆಟ್ಟ ಮರುವಾರವೂ ಒಂದೆಲೆ ಉದುರದೆ ಗಿಡ ನಿಂತಿತ್ತು, ಆ ಸಂತೋಷವೇ ಬೇರೆ. ಮರ ದೊಡ್ಡದಾದಾಗ ಸುತ್ತ 8 ಮೀಟರ್ ಜಾಗ ಬೇಕಾಗುತ್ತದೆ. ಕುಂಡದಲ್ಲೇ ಇಟ್ಟರೂ ಗಿಡ ಚೆಂದವಾಗಿರುತ್ತದೆ, ಹಣ್ಣಿನ ಆಸೆ ಮಾತ್ರ ಕಡಿಮೆ ಇಟ್ಟುಕೊಳ್ಳಬೇಕು.

ಕಸಿ ಗಿಡ ಬೇಗ ಹಣ್ಣು ಬಿಡುತ್ತದೆ, ಬೀಜದ ಗಿಡ ಯಾಕೆ ಎಂದು ಕೇಳುತ್ತಾರೆ. ಬೀಜದ ಗಿಡ ಹಣ್ಣಿಗೆ ಬರಲು ಬೇಗ ಅಂದರೂ 7-8 ವರ್ಷ, ಸಾಮಾನ್ಯವಾಗಿ 10 ದಾಟುತ್ತದೆ. ಕಸಿಯದ್ದು ಅದಕ್ಕಿಂತ ಕೆಲವು ವರ್ಷ ಮೊದಲೇ ಬಿಡುತ್ತದೆ, ನಿಜ. ಆದರೆ ಅದು ಗಿಡ್ಡಗೆ, ಕೊಂಬೆ ಕಮ್ಮಿಯಾಗಿ ಬೆಳೆಯುತ್ತದೆ, ಹಣ್ಣೂ ಕಮ್ಮಿ. ತಳಿ ಕೆಡುವ ಭಯ ಹೇಗೂ ಇಲ್ಲದಿರುವಾಗ ಗಟ್ಟಿ ತಾಯಿಬೇರಿನ ಪೂರ್ಣ ಮರವೇ ನನಗೆ ಇಷ್ಟ. ಅವಸರ ಇದ್ದವರು ಕಸಿ ಆರಿಸಿಕೊಳ್ಳಲಿ, ಅದರಲ್ಲಿ ತಪ್ಪೇನಿಲ್ಲ.

ನನ್ನ ಗಿಡ ಇನ್ನೂ ಹೂ ಬಿಟ್ಟಿಲ್ಲ. ಅಡ್ಡಕೊಂಬೆಗಳು ಜೋಡಿ ಜೋಡಿಯಾಗಿ, ಒಂದಕ್ಕೊಂದು ಅಡ್ಡಲಾಗಿ ಹೊರಟು ಗೋಪುರದಂತೆ ಮೇಲೇರುತ್ತಿವೆ. ಕೆಳಗಿನ ಕೊಂಬೆಗಳನ್ನು ಕತ್ತರಿಸಿಲ್ಲ, ಅವುಗಳ ನೆರಳು ಬುಡಕ್ಕೆ ಬೇಕು. ಬುಡದ ಸುತ್ತ ವರ್ಷವಿಡೀ ಒಣ ಎಲೆಯ ಹೊದಿಕೆ ಇರುತ್ತದೆ, ಕಾಂಡಕ್ಕೆ ಮಾತ್ರ ತಾಗದಂತೆ ನಾಲ್ಕು ಬೆರಳು ಬಿಟ್ಟಿರುತ್ತೇನೆ. ಅಲ್ಲಿ ಗುದ್ದಲಿ, ಸಲಿಕೆ ಆಡಿಸುವುದಿಲ್ಲ, ಕಳೆ ಬಂದರೆ ಕೈಯಲ್ಲೇ ಕೀಳುತ್ತೇನೆ. ಹೂ ಬಿಡುವ ವಯಸ್ಸಿಗೆ ಬಂದ ಮೇಲೆ ಎರಡರಿಂದ ನಾಲ್ಕು ವಾರ ನೀರು ತಡೆದು, ಆಮೇಲೆ ಧಾರಾಳವಾಗಿ ಕೊಡಬೇಕು. ಆ ಒಣ ಅವಧಿಯೇ ಹೂವನ್ನು ಹೊರಡಿಸುತ್ತದೆ. ಹೂ ಅರಳಿದ ಮೇಲೆ ಹಣ್ಣಾಗಲು ಸುಮಾರು 100ರಿಂದ 120 ದಿನ. ನನ್ನ ಗಿಡ ಹೂ ಬಿಡುವ ವಯಸ್ಸಿಗೆ ಬರುವವರೆಗೂ ನೀರು ತಡೆಯುವ ಪ್ರಯೋಗ ಮಾಡುವುದಿಲ್ಲ, ಮಣ್ಣು ಹಸಿಯಾಗಿಯೇ ಇಟ್ಟಿರುತ್ತೇನೆ.