ಮೊದಲು ಹಾಲಿನ ಮಾತು

ಹೆರಿಗೆ ವಾರ್ಡಿನಲ್ಲಿ ಆಪ್ತಸಮಾಲೋಚಕಿಯಾಗಿ ಸೇರಿದ ಮೊದಲ ವರ್ಷದ ಮಾತು. ಕೊನೆಯ ಹಾಸಿಗೆಯಲ್ಲಿ ಒಬ್ಬಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಎಂಟನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಹೆರಿಗೆಯಾಗಿ ಅಂದಿಗೆ ಮೂರನೇ ದಿನ. ನಾನು ಸ್ಟೂಲು ಎಳೆದುಕೊಂಡು ಕುಳಿತೆ. ತರಬೇತಿಯಲ್ಲಿ ಕಲಿತದ್ದೆಲ್ಲ ಎಲ್ಲಿ ಹೋಯಿತೋ, ಬಂದವರೆಲ್ಲ ಹೇಳಿ ಹೋಗುವುದನ್ನೇ ಹೇಳಿಬಿಟ್ಟೆ: "ಇನ್ನೂ ಚಿಕ್ಕ ವಯಸ್ಸು, ಮತ್ತೆ ಆಗುತ್ತದೆ." ಅವಳು ಈ ಕಡೆ ತಿರುಗಿದಳು. ನೈಟಿಯ ಎದೆಭಾಗ ತೊಯ್ದುಹೋಗಿತ್ತು. ಒಳಗೆ ಹಳೆಯ ಸೀರೆಯ ತುಂಡೊಂದನ್ನು ಬಿಗಿಯಾಗಿ ಕಟ್ಟಿದ್ದರು. "ಅಕ್ಕಾ, ಇದು ಯಾವಾಗ ನಿಲ್ಲುತ್ತದೆ?" ಎಂದಳು.

ಅವಳು ಕೇಳಿದ್ದು ದುಃಖದ ವಿಷಯವಲ್ಲ, ಹಾಲಿನ ವಿಷಯ. ಹಾಲು ಬರುತ್ತದೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೊಳೆದಿರಲಿಲ್ಲ. ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು ತಿಳಿಸಿದರು. ಮಾಸು ಹೊರಬಿದ್ದೊಡನೆ ಹಾಲನ್ನು ತಡೆದಿಟ್ಟಿದ್ದ ಹಾರ್ಮೋನು ಇಳಿಯುತ್ತದೆ, ಎರಡು ಮೂರು ದಿನದಲ್ಲಿ ಎದೆ ತುಂಬುತ್ತದೆ. ಮಗು ಇದೆಯೋ ಇಲ್ಲವೋ ಎಂಬುದು ಮೈಗೆ ಗೊತ್ತಾಗುವುದಿಲ್ಲ. ಬಿಗಿಯಾಗಿ ಕಟ್ಟಿದರೆ ಹಾಲು ಗಡ್ಡೆಕಟ್ಟಿ ಜ್ವರ ಬರಬಹುದು. ತಣ್ಣನೆಯ ಬಟ್ಟೆ ಇಡಬೇಕು, ತೀರಾ ನೋವಾದರೆ ಹಗುರಾಗುವಷ್ಟೇ ಹಿಂಡಿ ತೆಗೆಯಬೇಕು. ಮಾತ್ರೆಯೂ ಇದೆ, ಆದರೆ ರಕ್ತದೊತ್ತಡ ಇದ್ದವರಿಗೆ ಎಲ್ಲ ಮಾತ್ರೆಯೂ ಒಗ್ಗುವುದಿಲ್ಲವಾದ್ದರಿಂದ ವೈದ್ಯರೇ ನೋಡಿ ಬರೆಯಬೇಕು. ಅಂದಿನಿಂದ, ಮಗುವನ್ನು ಕಳೆದುಕೊಂಡವಳ ಬಳಿ ಹೋದಾಗ ನಾನು ಮೊದಲು ಕೇಳುವುದು ಹಾಲಿನ ವಿಷಯವನ್ನೇ. ಮೈಯ ಮಾತು ಮುಗಿದ ಮೇಲೆ ಉಳಿದದ್ದನ್ನು ಅವರೇ ಶುರು ಮಾಡುತ್ತಾರೆ.

ಮಗು ಮಡಿಲಲ್ಲಿದ್ದವರ ಜೊತೆಗೂ ಇದೇ ದಾರಿ. "ಮನಸ್ಸಿಗೆ ಬೇಸರವೇ?" ಎಂದರೆ "ಏನಿಲ್ಲ ಮೇಡಂ" ಎನ್ನುತ್ತಾರೆ. ತಲೆಭಾರ, ಎದೆ ಡವಗುಟ್ಟುವುದು, ಕೈಕಾಲು ಸೋಲು ಎಂದರೆ ಮಾತು ಹೊರಡುತ್ತದೆ. ನಾನು ತಪ್ಪದೆ ಕೇಳುವ ಇನ್ನೊಂದು ಪ್ರಶ್ನೆ: "ಮಗು ಮಲಗಿದಾಗ ನಿಮಗೆ ನಿದ್ದೆ ಬರುತ್ತದೆಯೇ?" ಮಗು ಎಬ್ಬಿಸುವುದರಿಂದ ನಿದ್ದೆಗೆಡುವುದು ಬಾಣಂತನ. ಮಗು ಮಲಗಿದರೂ ಕಣ್ಣು ಮುಚ್ಚದಿದ್ದರೆ ವಿಚಾರಿಸಬೇಕು. ಹೆರಿಗೆಯಾದ ಮೂರನೆಯ ನಾಲ್ಕನೆಯ ದಿನ ಸುಮ್ಮಸುಮ್ಮನೆ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿಯೂ ನಿಲ್ಲದಿದ್ದರೆ ಖಿನ್ನತೆ ಇದೆಯೇ ಎಂದು ನೋಡುತ್ತೇನೆ. ರಾತ್ರಿಗಳು ಕಳೆದರೂ ನಿದ್ದೆಯಿಲ್ಲದೆ ಬಡಬಡಿಸುವುದು, ಮಗು ತನ್ನದಲ್ಲ ಎನ್ನುವುದು ಕಂಡರೆ ಒಂದು ದಿನವೂ ತಡಮಾಡುವುದಿಲ್ಲ. ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದುದು ಇದನ್ನೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ಪ್ರತ್ಯೇಕ ಘಟಕವಿದೆ ಎಂದು ತಿಳಿಸಿದರೆ ಮನೆಯವರ ಅರ್ಧ ಗಾಬರಿ ಇಳಿಯುತ್ತದೆ.

ಖಿನ್ನತೆಯನ್ನು ಗುರುತಿಸಲು ಎಡಿನ್‌ಬರೋ ಪ್ರಶ್ನಾವಳಿ ಎಂಬುದಿದೆ. ಹತ್ತು ಪ್ರಶ್ನೆ, ಹಿಂದಿನ 7 ದಿನಗಳ ಬಗ್ಗೆ. ಕನ್ನಡದಲ್ಲೂ ಸಿಗುತ್ತದೆ. ಮೊದಲ ಪ್ರಶ್ನೆಯೇ ನಗುವಿನ ಬಗ್ಗೆ. ಮಗು ಕಳೆದುಕೊಂಡು ಮೂರು ದಿನವಾದವಳಿಗೆ ಅದನ್ನು ಓದಿ ಹೇಳಿದ ಮೂರ್ಖತನವೂ ನನ್ನ ಲೆಕ್ಕದಲ್ಲಿದೆ. ಈಗ ಆ ಕಾಗದವನ್ನು ಮೊದಲ ಭೇಟಿಗೆ ಒಯ್ಯುವುದೇ ಇಲ್ಲ. ಆದರೆ ಹತ್ತನೆಯ ಪ್ರಶ್ನೆ, ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬುದನ್ನು, ಕಾಗದವಿಲ್ಲದೆಯೂ ಕೇಳುತ್ತೇನೆ. ಅತ್ತೆ ಎದುರಿಗೇ ಕುಳಿತಿದ್ದರೆ ಅದಕ್ಕೆ ಉತ್ತರ ಸಿಗದು. "ಅಮ್ಮಾ, ಬೆಳಗಿನಿಂದ ಕುಳಿತಿದ್ದೀರಿ, ಒಂದು ಚಹಾ ಕುಡಿದು ಬನ್ನಿ, ನಾನಿದ್ದೇನೆ" ಎನ್ನುತ್ತೇನೆ. ಕ್ಯಾಂಟೀನಿನವನಿಗೆ ನನ್ನಿಂದ ಒಳ್ಳೆಯ ವ್ಯಾಪಾರ. ಮನೆಗೆ ಹೊರಡುವಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ತಾಯಿ ಕಾರ್ಡಿನ ಹಿಂದೆ ಬರೆದುಕೊಡುತ್ತೇನೆ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತನಾಡಬಹುದು.

ಆ ಕೊನೆಯ ಹಾಸಿಗೆಯವಳ ಕಥೆಗೆ ಮರಳುತ್ತೇನೆ. ಗುರುತು ಸಿಗದಷ್ಟು ವಿವರ ಬದಲಿಸಿದ್ದೇನೆ. ಅವಳ ತಾಯಿ ವರಾಂಡದಲ್ಲಿ ನನಗೆ ಹೇಳಿದ್ದು: "ಮಗುವೇ ಇಲ್ಲವಲ್ಲ, ಇನ್ನೆಂಥ ಬಾಣಂತನ?" ಅಂಟಿನುಂಡೆಗೆಂದು ತಂದಿಟ್ಟಿದ್ದ ಕೊಬ್ಬರಿ, ಉತ್ತುತ್ತೆಯನ್ನು ನೆರೆಯವರಿಗೆ ಕೊಟ್ಟುಬಿಟ್ಟಿದ್ದರಂತೆ. ಮನೆಯಲ್ಲಿ ಅವಳ ಕಣ್ಣಿಗೆ ಬೀಳದಿರಲಿ ಎಂದು. ನಾನು ಬುದ್ಧಿ ಹೇಳಲು ಹೋಗಲಿಲ್ಲ. "ಹೊಲಿಗೆ ಹಾಕಿದ್ದಾರೆ, ರಕ್ತ ಹೋಗಿದೆ, ಸೊಂಟ ಬಿದ್ದುಹೋಗಿದೆ. ಮೈ ಹೆತ್ತಿದೆಯಲ್ಲಮ್ಮ" ಎಂದೆ. ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು, "ಎಣ್ಣೆ ನೀರು ಹಾಕಬಹುದೇ?" ಎಂದು ಕೇಳಿದರು. ಹೊಲಿಗೆಯ ಜಾಗ ಬಿಟ್ಟು ಹಾಕಿ ಎಂದೆ.

ಅವಳು ಗಾರ್ಮೆಂಟ್ಸಿಗೆ ಹೋಗುತ್ತಿದ್ದವಳು. ಹದಿನೈದು ದಿನಕ್ಕೇ ಕೆಲಸಕ್ಕೆ ಮರಳಬೇಕು ಎಂದುಕೊಂಡಿದ್ದಳು. ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಮಗು ಎಂಬ ಪದಕ್ಕೆ ಸತ್ತು ಹುಟ್ಟಿದ ಮಗುವೂ ಸೇರುತ್ತದೆ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ನಿಯಮವೂ ಗರ್ಭಕ್ಕೆ 26 ವಾರ ದಾಟಿದ ಮೇಲಾದ ಹೆರಿಗೆಯನ್ನು, ಮಗು ಬದುಕಲಿ ಬಿಡಲಿ, ಹೆರಿಗೆಯೆಂದೇ ಎಣಿಸುತ್ತದೆ. ಅವಳಿಗಿದ್ದದ್ದು ಪೂರ್ತಿ 26 ವಾರಗಳ ರಜೆ. ಗರ್ಭಕ್ಕೆ 26 ವಾರ ದಾಟುವ ಮೊದಲೇ ಹೋದರೆ ರಜೆ 6 ವಾರ. ಸಾಂತ್ವನದ ನೂರು ಮಾತಿಗಿಂತ ಆ ದಿನ ಉಪಯೋಗಕ್ಕೆ ಬಂದದ್ದು ಈ ಲೆಕ್ಕ.

ಮಗುವನ್ನು ಅವಳಿಗೆ ತೋರಿಸಿರಲಿಲ್ಲ. ತೋರಿಸಬಾರದು ಎಂಬುದು ಹಿರಿಯರ ತೀರ್ಮಾನ. ಈಗ ನಾನು ಮೊದಲೇ ತಾಯಿಯನ್ನು ಕೇಳುತ್ತೇನೆ, ನೋಡಬೇಕೆನಿಸಿದರೆ ವ್ಯವಸ್ಥೆ ಮಾಡಿಸುತ್ತೇನೆ, ಬೇಡವೆಂದರೆ ಒತ್ತಾಯವಿಲ್ಲ. ಆಗ ಅದು ಕೈಮೀರಿತ್ತು. ಆದರೆ ಮಣ್ಣು ಮಾಡಿ ಬಂದಿದ್ದ ಗಂಡ ನೋಡಿದ್ದ. ಅವನೊಡನೆ ಯಾರೂ ಮಾತನಾಡಿರಲಿಲ್ಲ. ಔಷಧಿ ಚೀಟಿ, ಬಿಲ್ಲು ಎಂದು ಓಡಾಡಿಸಿದ್ದೇ ಎಲ್ಲರೂ. ಆರು ವಾರದ ತಪಾಸಣೆಗೆ ಬಂದಾಗ ಇಬ್ಬರನ್ನೂ ನನ್ನ ಕೋಣೆಯಲ್ಲಿ ಕೂರಿಸಿದೆ. ಬಹಳ ಹೊತ್ತು ಮೂವರೂ ಸುಮ್ಮನಿದ್ದೆವು. ಅವಳೇ ಅವನ ಕಡೆ ನೋಡದೆ ಕೇಳಿದಳು, "ತಲೆಗೂದಲು ಇತ್ತೇ?"

"ಇತ್ತು," ಎಂದ. "ತುಂಬಾ ಇತ್ತು. ಹಣೆಯ ಮೇಲೆ ಬಿದ್ದಿತ್ತು, ನಾನು ಸರಿಸಿದೆ."