ವಿಎಫ್‌ಓ ಮತ್ತು ಬಫರ್: ಪ್ರತಿ ಪಿಕೋಫ್ಯಾರಡ್‌ಗೂ ಲೆಕ್ಕವಿಟ್ಟು ಕಟ್ಟಿದ್ದು

40 ಮೀಟರ್ ಹ್ಯಾಮ್ ಬ್ಯಾಂಡಿನ ನನ್ನ ಟ್ರಾನ್ಸ್‌ಸೀವರಿನಲ್ಲಿ (ಸ್ವೀಕಾರ, ಪ್ರಸಾರ ಎರಡನ್ನೂ ಮಾಡುವ ರೇಡಿಯೋ) ಐಎಫ್, ಅಂದರೆ ಒಳಗಿನ ಮಧ್ಯಂತರ ಫ್ರೀಕ್ವೆನ್ಸಿ, 10 ಮೆಗಾಹರ್ಟ್ಸ್. ಡಯಲ್ 7.0ರಿಂದ 7.2ಕ್ಕೆ ಏರುವಾಗ ವಿಎಫ್‌ಓ (ಫ್ರೀಕ್ವೆನ್ಸಿ ಬದಲಿಸಬಲ್ಲ ಆಸಿಲೇಟರ್) 3.0ರಿಂದ 2.8ಕ್ಕೆ ಇಳಿಯಬೇಕು, ಎರಡರ ಮೊತ್ತ ಯಾವಾಗಲೂ 10 ಆಗಬೇಕು. ಬೆಸುಗೆಗೆ ಕೂರುವ ಮೊದಲು ಒಂದು ಲೆಕ್ಕ ಮಾಡಿಕೊಂಡೆ. ಟಿ50-6 ಹಳದಿ ಟೊರಾಯ್ಡ್ (ಬಳೆಯಾಕಾರದ ಕೋರ್) ಮೇಲೆ 35 ಸುತ್ತು ತಂತಿ ಹಾಕಿದರೆ 4.9 ಮೈಕ್ರೊಹೆನ್ರಿ ಬರುತ್ತದೆ. 3.0ಕ್ಕೆ 574 ಪಿಕೋಫ್ಯಾರಡ್, 2.8ಕ್ಕೆ 659 ಬೇಕು. ಅಂದರೆ ಗ್ಯಾಂಗ್ ಕೆಪಾಸಿಟರ್ (ಡಯಲಿನಿಂದ ತಿರುಗಿಸಿ ಮೌಲ್ಯ ಬದಲಿಸುವಂಥದ್ದು) ತಿರುಗಿದಾಗ 85ರಷ್ಟು ಬದಲಾದರೆ ಸಾಕು. ಇದೇ ಲೆಕ್ಕದಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ: ಬ್ಯಾಂಡಿನ ನಡುವೆ ಒಂದೇ ಒಂದು ಪಿಕೋಫ್ಯಾರಡ್ ಹೆಚ್ಚಾದರೆ ಫ್ರೀಕ್ವೆನ್ಸಿ ಸುಮಾರು 2.4 ಕಿಲೋಹರ್ಟ್ಸ್ ಇಳಿಯುತ್ತದೆ. ಮುಂದಿನದೆಲ್ಲವನ್ನೂ ನಾನು ಈ ಅಳತೆಗೋಲಿನಿಂದಲೇ ನೋಡಿದ್ದು.

ಆಸಿಲೇಟರ್ ಕಾಲ್ಪಿಟ್ಸ್ ಮಾದರಿಯದು, ಟ್ರಾನ್ಸಿಸ್ಟರ್ ಜೆ310 ಎಂಬ ಎಫ್‌ಇಟಿ; ಗೇಟ್, ಸೋರ್ಸ್, ಡ್ರೈನ್ ಅದರ ಮೂರು ಕಾಲುಗಳು. ಕಾಯಿಲ್‌ನ ಮೇಲ್ತುದಿಯಿಂದ 820 ಪಿಕೋಫ್ಯಾರಡ್ ಸೋರ್ಸಿಗೆ, ಸೋರ್ಸಿನಿಂದ ಇನ್ನೊಂದು 820 ನೆಲಕ್ಕೆ (ಸರ್ಕ್ಯೂಟಿನ ಗ್ರೌಂಡ್). ಎರಡೂ ಎನ್‌ಪಿ0 (ಶಾಖಕ್ಕೆ ಮೌಲ್ಯ ಬಹುತೇಕ ಬದಲಾಗದ ಮಾದರಿ) ಆಗಿರಲೇಬೇಕು. ಎಕ್ಸ್7ಆರ್ ಸೆರಾಮಿಕ್ ಹಾಕಿದರೆ ಆಸಿಲೇಟರ್ ಓಡಬಹುದು, ಆದರೆ ಒಂದೆಡೆ ನಿಲ್ಲುವುದಿಲ್ಲ. ಮೇಲ್ತುದಿಯಿಂದ ಗೇಟಿಗೆ 47 ಪಿಕೋಫ್ಯಾರಡ್, ಗೇಟಿನಿಂದ ನೆಲಕ್ಕೆ 100 ಕಿಲೋಓಮ್. ಅದರ ಪಕ್ಕದಲ್ಲೇ 1ಎನ್4148 ಡಯೋಡ್, ಆನೋಡ್ ಗೇಟಿನ ಕಡೆಗೆ. ಸೋರ್ಸಿಗೆ 1 ಕಿಲೋಓಮ್. ಡ್ರೈನಿಗೆ 100 ಓಮ್ ಮೂಲಕ 78ಎಲ್08 ರೆಗ್ಯುಲೇಟರಿನ 8 ವೋಲ್ಟ್, ಡ್ರೈನಿನ ಬುಡದಲ್ಲೇ 0.1 ಮೈಕ್ರೊಫ್ಯಾರಡ್ ಬೈಪಾಸ್. ಪ್ರಸಾರಕ್ಕೆ ಹೋದಾಗ ಬ್ಯಾಟರಿ ವೋಲ್ಟೇಜ್ ಕುಸಿಯುತ್ತದೆ, ವೋಲ್ಟೇಜ್ ಬದಲಾದರೆ ಎಫ್‌ಇಟಿಯ ಒಳಗಿನ ಕೆಪಾಸಿಟೆನ್ಸೂ ಬದಲಾಗುತ್ತದೆ. ಆದ್ದರಿಂದ ರೆಗ್ಯುಲೇಟರ್ ಬಿಡುವಂತಿಲ್ಲ.

ಶಾಖದ ವಿಷಯಕ್ಕೆ ಹೆಚ್ಚು ಸಮಯ ಕೊಟ್ಟೆ, ಕೊಡಲೇಬೇಕು. ಹಳದಿ 6ನೇ ಮಿಶ್ರಣದ ಕೋರಿನ ಇಂಡಕ್ಟೆನ್ಸ್ ಪ್ರತಿ ಡಿಗ್ರಿಗೆ ಸುಮಾರು 35 ಪಿಪಿಎಂ (ಹತ್ತು ಲಕ್ಷಕ್ಕೆ 35 ಪಾಲು) ಏರುತ್ತದೆ, ಅಂದರೆ ಫ್ರೀಕ್ವೆನ್ಸಿ ಡಿಗ್ರಿಗೆ 50 ಹರ್ಟ್ಸ್ ಕೆಳಗೆ ಜಾರುತ್ತದೆ. ಕೆಂಪು 2ನೇ ಮಿಶ್ರಣಕ್ಕೆ ಇದು 95 ಪಿಪಿಎಂ, ಜಾರುವಿಕೆ ಹೆಚ್ಚುಕಡಿಮೆ ಮೂರು ಪಟ್ಟು. ಪಾಲಿಸ್ಟೈರೀನ್ ಕೆಪಾಸಿಟರ್ ಇದಕ್ಕೆ ತದ್ವಿರುದ್ಧ, ಡಿಗ್ರಿಗೆ ಸುಮಾರು 150 ಪಿಪಿಎಂ ಇಳಿಯುತ್ತದೆ. ಕಾಯಿಲ್‌ಗೆ ಅಡ್ಡಲಾಗಿ 100 ಪಿಕೋಫ್ಯಾರಡ್ ಪಾಲಿಸ್ಟೈರೀನ್ ಹಾಕಿದರೆ ಒಟ್ಟಿನಲ್ಲಿ 24 ಪಿಪಿಎಂನಷ್ಟು ಪರಿಹಾರ ಸಿಗುತ್ತದೆ. ಎರಡು 820ಗಳನ್ನೂ ಪಾಲಿಸ್ಟೈರೀನ್ ಮಾಡುವ ಆಸೆ ಬೇಡ, ಆಗ ಪರಿಹಾರವೇ ಅತಿಯಾಗಿ ಫ್ರೀಕ್ವೆನ್ಸಿ ಮೇಲಕ್ಕೆ ಓಡುತ್ತದೆ. ಟ್ಯೂನಿಂಗಿಗೆ ಬೇಕಾದ ಪಿಕೋಫ್ಯಾರಡ್‌ಗಳಲ್ಲಿ ಉಳಿದದ್ದನ್ನು ಟ್ರಿಮ್ಮರ್, ಗ್ಯಾಂಗಿನ ಕನಿಷ್ಠ ಮೌಲ್ಯ ಮತ್ತು ವೈರಿಂಗ್ ತುಂಬುತ್ತವೆ. ಸುತ್ತಿದ ಕಾಯಿಲನ್ನು ಕುದಿಯುವ ನೀರಿನಲ್ಲಿ ಕೆಲವು ನಿಮಿಷ ಇಟ್ಟು, ತಣಿಸಿ, ಚೆನ್ನಾಗಿ ಒಣಗಿಸಿದೆ. ತಂತಿಯ ಬಿಗುವು ಸಡಿಲಗೊಂಡು ಸುತ್ತುಗಳು ತಮ್ಮ ಜಾಗದಲ್ಲಿ ಕೂರುತ್ತವೆ.

ಇನ್ನು ಬಫರ್, ಅಂದರೆ ಆಸಿಲೇಟರಿಗೆ ಮುಂದಿನ ಹೊರೆಯ ಬದಲಾವಣೆ ತಟ್ಟದಂತೆ ನಡುವೆ ನಿಲ್ಲುವ ಹಂತ. ಆಸಿಲೇಟರನ್ನು ನೇರವಾಗಿ ಮಿಕ್ಸರಿಗೆ (ಎರಡು ಫ್ರೀಕ್ವೆನ್ಸಿ ಬೆರೆಸುವ ಹಂತ) ಜೋಡಿಸಿದರೆ ಅದರ ಡಯೋಡುಗಳ ಸ್ವಿಚಿಂಗ್, ಸ್ವೀಕಾರದಿಂದ ಪ್ರಸಾರಕ್ಕೆ ಬದಲಾಗುವ ಹೊರೆ ಎಲ್ಲವೂ ಟ್ಯಾಂಕಿಗೆ (ಫ್ರೀಕ್ವೆನ್ಸಿ ನಿರ್ಧರಿಸುವ ಕಾಯಿಲ್-ಕೆಪಾಸಿಟರ್ ಜೋಡಿ) ಪಿಕೋಫ್ಯಾರಡ್ ರೂಪದಲ್ಲೇ ತಲುಪುತ್ತವೆ. ಫ್ರೀಕ್ವೆನ್ಸಿ 10 ಹರ್ಟ್ಸ್ ಒಳಗೆ ನಿಲ್ಲಬೇಕಾದರೆ ಅಲ್ಲಿ 0.004 ಪಿಕೋಫ್ಯಾರಡ್ ಕೂಡ ಅಲುಗಬಾರದು. ಅದಕ್ಕೇ ಸಿಗ್ನಲನ್ನು ಟ್ಯಾಂಕಿನ ತುದಿಯಿಂದ ತೆಗೆಯದೆ ಸೋರ್ಸಿನಿಂದ ತೆಗೆದೆ. ಎರಡು ಸಮಾನ ಕೆಪಾಸಿಟರುಗಳ ನಡುವಿನ ಈ ಬಿಂದುವಿನಲ್ಲಿ ಸೇರಿದ ಒಂದು ಪಿಕೋಫ್ಯಾರಡ್ ಟ್ಯಾಂಕಿಗೆ ಕಾಲು ಭಾಗವಾಗಿ ಮಾತ್ರ ಕಾಣುತ್ತದೆ. ಅಲ್ಲಿಂದ 10 ಪಿಕೋಫ್ಯಾರಡ್ ಮೂಲಕ ಎರಡನೇ ಜೆ310ರ ಗೇಟಿಗೆ. ಇದು ಸೋರ್ಸ್ ಫಾಲೋವರ್, ಗೇಟಿನ ಸಿಗ್ನಲನ್ನು ಸೋರ್ಸಿನಲ್ಲಿ ಹಿಂಬಾಲಿಸುವ ಹಂತ: ಗೇಟಿಗೆ 100 ಕಿಲೋಓಮ್, ಸೋರ್ಸಿಗೆ 470 ಓಮ್. ಗೇಟಿನ ದಾರಿಯಲ್ಲಿ 47 ಓಮ್ ಸೇರಿಸಿ, ಇಲ್ಲದಿದ್ದರೆ ಜೆ310 ವಿಎಚ್‌ಎಫ್‌ನಲ್ಲಿ ತಾನೇ ಹಾಡಲು (ಬೇಡದ ಆಸಿಲೇಶನ್) ಶುರುಮಾಡುತ್ತದೆ.

ಮುಂದಿನ ಹಂತ 2ಎನ್2222ಎ ಟ್ರಾನ್ಸಿಸ್ಟರಿನ ಆಂಪ್ಲಿಫಯರ್. ಎಮಿಟರಿನಲ್ಲಿ 100 ಓಮ್, ಅದರ ಮೇಲೆ 2 ವೋಲ್ಟ್, ಅಂದರೆ 20 ಮಿಲಿಆಂಪ್. ಇದರೊಂದಿಗೆ ಸರಣಿಯಲ್ಲಿ ಬೈಪಾಸ್ ಇಲ್ಲದ 10 ಓಮ್. ಕಲೆಕ್ಟರಿನಲ್ಲಿ ಎಫ್‌ಟಿ37-43 ಮೇಲೆ ಜೋಡಿ ತಂತಿಯ 10 ಸುತ್ತು, 4:1 ಟ್ರಾನ್ಸ್‌ಫಾರ್ಮರ್. ಆಮೇಲೆ 150, 39, 150 ಓಮ್‌ಗಳ 6 ಡಿಬಿ ಪ್ಯಾಡ್ (ಸಿಗ್ನಲ್ ತಗ್ಗಿಸುವ ರೆಸಿಸ್ಟರುಗಳ ಜಾಲ). ಡಯೋಡ್ ರಿಂಗ್ ಮಿಕ್ಸರಿಗೆ ಬೇಕಾದ 7 ಡಿಬಿಎಂ 50 ಓಮ್ ಹೊರೆಯ ಮೇಲೆ 1.4 ವೋಲ್ಟ್ ಪೀಕ್-ಟು-ಪೀಕ್ ಆಗಿ ಕಾಣಬೇಕು. ಅಷ್ಟು ಬಂದರೂ ಪ್ಯಾಡ್ ತೆಗೆಯಬೇಡಿ, ಮಿಕ್ಸರಿನಿಂದ ಮರಳಿ ಬರುವುದನ್ನು ತಡೆಯುವ ಮೊದಲ ಬಾಗಿಲು ಅದೇ. ಕಲೆಕ್ಟರಿನಿಂದ ಬೇಸಿಗೆ ಫೀಡ್‌ಬ್ಯಾಕ್ ಇರುವ ಆಂಪ್ಲಿಫಯರ್ ಒಂದನ್ನೇ ಬಫರ್ ಎಂದು ನಂಬುವುದು ತಪ್ಪು: ಅದೇ ರೆಸಿಸ್ಟರಿನ ಮೂಲಕ ಹೊರೆಯ ಬದಲಾವಣೆ ಹಿಂದಕ್ಕೂ ನುಸುಳುತ್ತದೆ. ಈ ಟ್ರಾನ್ಸಿಸ್ಟರ್ ಬಿಸಿಯಾಗುತ್ತದೆ, ಕಾಯಿಲ್‌ನಿಂದ ದೂರವಿಡಿ.

10 ಮೆಗಾಹರ್ಟ್ಸ್ ಬಿಎಫ್‌ಓಗೆ (ಐಎಫ್ ಸಿಗ್ನಲಿನಿಂದ ಧ್ವನಿ ಬಿಡಿಸಲು ಬೇಕಾದ ಕ್ರಿಸ್ಟಲ್ ಆಸಿಲೇಟರ್) ಇಷ್ಟು ಪಾಡಿಲ್ಲ. ಕ್ರಿಸ್ಟಲ್ ಒಂದು ಪಿಕೋಫ್ಯಾರಡ್‌ಗೆ ಹೆಚ್ಚೆಂದರೆ ನೂರು ಹರ್ಟ್ಸ್‌ನ ಆಸುಪಾಸಿನಲ್ಲಿ ಕದಲುತ್ತದೆ. ಒಂದು ಫಾಲೋವರ್ ಸಾಕು.

ಅಳೆಯುವಾಗ ಆಸಿಲೋಸ್ಕೋಪಿನ ಪ್ರೋಬನ್ನು ಟ್ಯಾಂಕಿಗೆ ತಾಗಿಸಬೇಡಿ. 10 ಪಟ್ಟಿನ ಪ್ರೋಬ್ ಕೂಡ ಹತ್ತು-ಹದಿನೈದು ಪಿಕೋಫ್ಯಾರಡ್ ಹೊರುತ್ತದೆ, ಫ್ರೀಕ್ವೆನ್ಸಿ 30 ಕಿಲೋಹರ್ಟ್ಸ್ ಬಿದ್ದುಹೋಗುತ್ತದೆ. ಕೌಂಟರನ್ನು ಫಾಲೋವರಿನ ಸೋರ್ಸಿಗೆ 1 ಕಿಲೋಓಮ್ ಮೂಲಕ ಜೋಡಿಸಿ, ಅರ್ಧ ಗಂಟೆ ಬಿಸಿಯಾಗಲು ಬಿಡಿ. ನಂತರ ಪ್ಯಾಡಿನ ಹೊರತುದಿಯನ್ನು ಒಮ್ಮೆ ಖಾಲಿ ಬಿಡಿ, ಒಮ್ಮೆ ನೆಲಕ್ಕೆ ಶಾರ್ಟ್ ಮಾಡಿ. ವ್ಯತ್ಯಾಸ 10 ಹರ್ಟ್ಸ್ ಮೀರಿದರೆ ಮೊದಲು 10 ಪಿಕೋಫ್ಯಾರಡನ್ನು 4.7ಕ್ಕೆ ಇಳಿಸಿ, ಆಗಲೂ ಉಳಿದರೆ ಎರಡೂ ಹಂತಗಳು ಒಂದೇ ವಿದ್ಯುತ್ ತಂತಿಯನ್ನು ಹಂಚಿಕೊಂಡಿವೆಯೇ ನೋಡಿ. 2222ಗೆ 12 ವೋಲ್ಟ್ ತಂತಿ ಬೇರೆಯೇ ಬರಬೇಕು. ಪ್ರಸಾರಕ್ಕೆ ಬದಲಾಯಿಸುವಾಗ ವಿಎಫ್‌ಓವನ್ನು ಆರಿಸಬೇಡಿ, ಆರಿಸಿ ಹಚ್ಚಿದಷ್ಟು ಸಲವೂ ಶಾಖದ ಜಾರುವಿಕೆ ಮೊದಲಿನಿಂದ ಶುರುವಾಗುತ್ತದೆ.