ಮಿಕ್ಸೆಡ್ ಮಾಡೆಲ್ ಎಚ್ಚರಿಕೆ ಕೊಟ್ಟರೆ ಮೊದಲು ಎಲ್ಲಿ ನೋಡಬೇಕು?

ಆರ್ ತಂತ್ರಾಂಶದ ಎಲ್‌ಎಂಇ4 (lme4) ಪ್ಯಾಕೇಜಿನಲ್ಲಿ ಮಿಕ್ಸೆಡ್ ಮಾಡೆಲ್ (ಶಾಲೆ, ತರಗತಿಯಂಥ ಗುಂಪುಗಳಲ್ಲಿರುವ ಡೇಟಾಗೆ ಬಳಸುವ ಅಂಕಿಅಂಶ ಮಾಡೆಲ್) ಓಡಿಸಿ, ಎಚ್ಚರಿಕೆ ಕಂಡ ತಕ್ಷಣ ಆಪ್ಟಿಮೈಸರ್ (ಅಂದಾಜುಗಳನ್ನು ಹುಡುಕುವ ಲೆಕ್ಕವಿಧಾನ) ಬದಲಿಸಲು ಹೊರಡುವವರೇ ಹೆಚ್ಚು. ಅದು ಕಡೆಯ ಮದ್ದು. ತೊಂದರೆ ಸಾಮಾನ್ಯವಾಗಿ ಇರುವುದು ಡೇಟಾದಲ್ಲಿ, ಇಲ್ಲವೇ ಆ ಡೇಟಾ ಹೊರಲಾರದ ರ‍್ಯಾಂಡಮ್ ಭಾಗದಲ್ಲಿ, ಅಂದರೆ ಗುಂಪಿನಿಂದ ಗುಂಪಿಗೆ ಏನೇನು ಬದಲಾಗಬಹುದು ಎಂದು ಮಾಡೆಲ್‌ಗೆ ಹೇಳುವ ಭಾಗದಲ್ಲಿ.

ಹೆಜ್ಜೆ 1: ಗುಂಪುಗಳನ್ನು ಎಣಿಸಿ. ಪ್ರತಿ ಶಾಲೆಯಲ್ಲೂ ತರಗತಿಗಳನ್ನು 1, 2, 3 ಎಂದೇ ಗುರುತಿಸಿದ್ದರೆ, ಎಲ್ಲ ಶಾಲೆಗಳ 1ನೇ ತರಗತಿ ಸೇರಿ ಒಂದೇ ಗುಂಪಾಗಿಬಿಡುತ್ತದೆ. (1 | ಶಾಲೆ/ತರಗತಿ) ಎಂದು ಬರೆದು, ತರಗತಿ ಶಾಲೆಯೊಳಗಿದೆ ಎಂದು ತಿಳಿಸಿ. ಸಾಲುಗಳ ಸಂಖ್ಯೆ ಸಾಲದು ಎಂಬ ಎರರ್ ಬಂದರೆ, ತಲಾ ಎರಡೇ ಸಾಲಿರುವ ವಿದ್ಯಾರ್ಥಿಗಳಿಗೆ ಇಂಟರ್‌ಸೆಪ್ಟ್, ಸ್ಲೋಪ್ (ಪ್ರತಿಯೊಬ್ಬರ ಆರಂಭದ ಮಟ್ಟ, ಬದಲಾಗುವ ದರ) ಎರಡನ್ನೂ ಕೇಳಿದ್ದೀರಾ ನೋಡಿ.

ಹೆಜ್ಜೆ 2: ಉತ್ತರವನ್ನು ವಿವರಿಸಲು ಬಳಸುವ ಸಂಖ್ಯಾ ಚಲಕಗಳನ್ನೆಲ್ಲ ಸ್ಕೇಲ್ ಮಾಡಿ: ಸರಾಸರಿ ಕಳೆದು, ಸ್ಟ್ಯಾಂಡರ್ಡ್ ಡೀವಿಯೇಷನ್ನಿನಿಂದ ಭಾಗಿಸಿ.

ಹೆಜ್ಜೆ 3: ಸಿಂಗ್ಯುಲರ್ ಫಿಟ್, ಅಂದರೆ ಡೇಟಾ ಹೊರಲಾರದಷ್ಟನ್ನು ಮಾಡೆಲ್‌ನಿಂದ ಕೇಳಿದ್ದೀರಿ ಎಂಬ ಎಚ್ಚರಿಕೆ. ಹೆಚ್ಚಿನವರು ಎಡವುವುದು ಇಲ್ಲೇ. ವೇರ್‌ಕಾರ್ (VarCorr) ಫಂಕ್ಷನ್ನಿನ ಫಲಿತಾಂಶ ತೆರೆದು ನೋಡಿ: ಯಾವುದೋ ಸ್ಟ್ಯಾಂಡರ್ಡ್ ಡೀವಿಯೇಷನ್ 0ಗೆ ಕುಸಿದಿರುತ್ತದೆ, ಅಥವಾ ಇಂಟರ್‌ಸೆಪ್ಟ್, ಸ್ಲೋಪ್‌ಗಳ ನಡುವಿನ ಕೋರಿಲೇಷನ್ 1 ಇಲ್ಲವೇ -1ಕ್ಕೆ ಅಂಟಿಕೊಂಡಿರುತ್ತದೆ. ಕೋರಿಲೇಷನ್ ಅಂಟಿದ್ದರೆ (1 + ಗಂಟೆ | ಶಾಲೆ) ಬದಲು (1 + ಗಂಟೆ || ಶಾಲೆ) ಹಾಕಿ. ಎರಡು ಗೆರೆ ಕೋರಿಲೇಷನ್ ಅನ್ನು 0 ಎಂದೇ ಹಿಡಿಯುತ್ತದೆ. ಆ 0 ಚಲಕದ ಸೊನ್ನೆ ಬಿಂದು ಎಲ್ಲಿದೆ ಎಂಬುದರ ಮೇಲೆ ನಿಂತಿರುವುದರಿಂದ 2ನೇ ಹೆಜ್ಜೆಯನ್ನು ಹಾರಿಸಬೇಡಿ. ಚಲಕ ಫ್ಯಾಕ್ಟರ್ (ಸಂಖ್ಯೆಯಲ್ಲ, ವರ್ಗಗಳ ಚಲಕ) ಆಗಿದ್ದರೆ ಎರಡು ಗೆರೆ ಹಾಕಿದರೂ ಕೋರಿಲೇಷನ್‌ಗಳು ಉಳಿದುಕೊಳ್ಳಬಹುದು. ವೇರ್‌ಕಾರ್ ಮತ್ತೊಮ್ಮೆ ನೋಡಿ.

ಸ್ಲೋಪ್ 0 ಆಗಿದ್ದರೆ ಅದನ್ನು ತೆಗೆಯಬಹುದು. ಆದರೆ ನಿಮ್ಮ ಸಂಶೋಧನೆಯ ಪ್ರಶ್ನೆ ಅದೇ ಚಲಕದ ಮೇಲಿದ್ದರೆ ಕೈ ತಡೆಯಿರಿ. ನಿಜವಾಗಿ ಬದಲಾಗುವ ಸ್ಲೋಪ್ ಕಿತ್ತರೆ ಸ್ಟ್ಯಾಂಡರ್ಡ್ ಎರರ್ ಸುಳ್ಳಾಗಿ ಕುಗ್ಗಿ, ಪಿ ಮೌಲ್ಯ ಚಂದ ಕಾಣುತ್ತದೆ. ಅಂಥಲ್ಲಿ ಬಿಎಲ್‌ಎಂಇ ಅಥವಾ ಬಿಆರ್‌ಎಂಎಸ್ ಪ್ಯಾಕೇಜಿನಲ್ಲಿ ಮೃದುವಾದ ಪ್ರಯರ್ (ಮೌಲ್ಯ ಎಷ್ಟಿರಬಹುದು ಎಂಬ ಮುಂಚಿನ ಊಹೆ) ಕೊಟ್ಟು ಓಡಿಸುವುದೇ ಲೇಸು. ಗುಂಪುಗಳು ಮೂರೋ ನಾಲ್ಕೋ ಇದ್ದರೆ ಈ ಗೊಡವೆಯೇ ಬೇಡ, ಅವನ್ನು ಫಿಕ್ಸೆಡ್ ಎಫೆಕ್ಟ್ (ಪ್ರತಿ ಗುಂಪಿಗೂ ಅದರದೇ ಗುಣಾಂಕ) ಮಾಡಿ.

ಹೆಜ್ಜೆ 4: ಇನ್ನೂ ಕನ್ವರ್ಜ್ ಆಗಲಿಲ್ಲ (ಸ್ಥಿರವಾದ ಉತ್ತರ ಮುಟ್ಟಲಿಲ್ಲ) ಎನ್ನುತ್ತಿದ್ದರೆ ಈಗ ಆಲ್‌ಫಿಟ್ (allFit) ಓಡಿಸಿ, ಅದು ಅದೇ ಮಾಡೆಲನ್ನು ಹಲವು ಆಪ್ಟಿಮೈಸರ್‌ಗಳಿಂದ ಓಡಿಸುತ್ತದೆ. ಬೇರೆಬೇರೆ ಆಪ್ಟಿಮೈಸರ್‌ಗಳ ಲಾಗ್ ಲೈಕ್ಲಿಹುಡ್ (ಮಾಡೆಲ್ ಡೇಟಾಗೆ ಎಷ್ಟು ಹೊಂದುತ್ತದೆ ಎಂಬ ಅಳತೆ) ಮತ್ತು ಅಂದಾಜುಗಳು ಮೂರನೇ ದಶಮಾಂಶದವರೆಗೂ ಹೊಂದಿಕೊಂಡರೆ ಅದು ಹುಸಿ ಎಚ್ಚರಿಕೆ. ದೊಡ್ಡ ಡೇಟಾದಲ್ಲಿ ಇದು ಮಾಮೂಲು. ಹೊಂದದಿದ್ದರೆ 3ನೇ ಹೆಜ್ಜೆಗೆ ಹಿಂತಿರುಗಿ. ಎಚ್ಚರಿಕೆ ಯಾವಾಗ ಬರಬೇಕೆಂದು ತೀರ್ಮಾನಿಸುವ ಗ್ರೇಡಿಯೆಂಟ್ ಮಿತಿಯನ್ನು 0.002ರಿಂದ ಮೇಲೇರಿಸಿ ಎಚ್ಚರಿಕೆಯ ಬಾಯಿ ಮುಚ್ಚಿಸುವುದು ದುರಸ್ತಿಯಲ್ಲ.

ಗ್ಲೆಮರ್ (glmer, 0 ಅಥವಾ 1ರಂಥ ಉತ್ತರಗಳಿಗೆ ಇದೇ ಪ್ಯಾಕೇಜಿನ ಫಂಕ್ಷನ್) ಬಳಸುವವರಿಗೆ ಇನ್ನೊಂದು ಮಾತು: ಎನ್‌ಎಜಿಕ್ಯೂ = 0 (nAGQ = 0) ಎಂಬ ಒರಟು ಲೆಕ್ಕದ ಅಡ್ಡದಾರಿ ವೇಗ ಕೊಡುತ್ತದೆ, ನಿಖರತೆ ಕಳೆಯುತ್ತದೆ. ಪರೀಕ್ಷೆಗೆ ಓಡಿಸಲು ಸರಿ, ವರದಿಗೆ ಬೇಡ. ಲಾಜಿಸ್ಟಿಕ್ ಮಾಡೆಲ್‌ನಲ್ಲಿ ಗುಣಾಂಕ 15, 20 ಎಂದು ಬಂದು, ಅದರ ಸ್ಟ್ಯಾಂಡರ್ಡ್ ಎರರ್ ನೂರಾರು ಇದ್ದರೆ ಯಾವ ಆಪ್ಟಿಮೈಸರೂ ನೆರವಾಗದು. ಯಾವುದೋ ವರ್ಗದಲ್ಲಿ ಎಲ್ಲ ಉತ್ತರಗಳೂ 0, ಇಲ್ಲವೇ ಎಲ್ಲವೂ 1 ಆಗಿರುತ್ತವೆ. ಟೇಬಲ್ ಹಾಕಿದರೆ ಅದು ಕಣ್ಣಿಗೆ ಬೀಳುತ್ತದೆ.